ಈ ಮಾತಿಗೆ ಆಧಾರವೇನು?

ವಿಶಾಖಪಟ್ಟಣ
12-8-1987

ತೀರ್ಥರೂಪು ಅಪ್ಪನವರಿಗೆ ಹೈಮಾ ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ, ಈ ಮನೆಯವರೆಲ್ಲ ಚೆನ್ನಾಗಿದ್ದಾರೆ. ಕ್ಷೇಮ ಸಮಾಚಾರ ಒಂದೇ ಸಾಲಿನಲ್ಲಿ ಮುಗಿಯಿತು ನೋಡಿ. ನೀವು ಕಳಿಸಿದ ಅಮೆರಿಕದ ಇತಿಹಾಸದ ನೋಟ್ಸು ತಲುಪಿತು. ದಿನವಿಡೀ ಬ್ಯಾಂಕಿನ ಕುರ್ಚಿ ಸವೆಸಿ, ಮನೆಗೆ ಬಂದು ಮಗಳ ಎಂ.ಎ. ಪರೀಕ್ಷೆಗೆ ನಲವತ್ತು ಪುಟ ಬರೆಯುವ ಅಪ್ಪ ವಿಜಯವಾಡದಲ್ಲಿ ಇನ್ನೊಬ್ಬರಿರಲಾರರು. ನಮ್ಮೂರು ಅರಸೀಕೆರೆಯಲ್ಲಿ ನೀವು ಮೇಷ್ಟರಾಗಬೇಕಿತ್ತು, ಎಷ್ಟೋ ಮಕ್ಕಳು ಬಚಾವಾದರು.

ಮದುವೆಗೆ ಮುಂಚೆ ಒಂದು ಮಾತು ಹೇಳಿದ್ದಿರಿ: “ಕನ್ನಡದಲ್ಲೇ ಬರಿಯಮ್ಮ, ತೆಲುಗರ ಮನೇಲಿ ಯಾರಿಗೂ ತಿಳಿಯಲ್ಲ.” ಅತ್ತಯ್ಯ ಕೋಟೇಶ್ವರಮ್ಮನವರು ನಿಮ್ಮ ಕಾಗದ ಒಡೆದು ಹಜಾರದಲ್ಲಿ ಕೂತು ಗಟ್ಟಿಯಾಗಿ ಓದಿದರು. “ತಲೆಕಟ್ಟು ಒಂದು ಬೇರೆ, ಅಷ್ಟೇ ಕದಮ್ಮಾ! ಮಿಕ್ಕಿದ್ದೆಲ್ಲ ನಮ್ಮ ಅಕ್ಷರವೇ” ಅಂದರು. ತಿಳಿಯದ ಮಾತು ಬಂದರೆ ನನ್ನನ್ನೇ ಕರೆದು ಕೇಳುತ್ತಾರೆ. ನಾನು ಬರೆದದ್ದನ್ನೂ ಓದಿದ ಮೇಲೆಯೇ ಕವರು ಅಂಟಿಸುವುದು. ಇದನ್ನೂ ಓದುತ್ತಾರೆ. ಅತ್ತಯ್ಯ, ನಮಸ್ಕಾರ.

ಇಲ್ಲಿ ನನ್ನ ಹೆಸರು ಈಗ ದುರ್ಗಾಂಬ. ಅತ್ತಯ್ಯನ ಅತ್ತೆಯ ಹೆಸರು ಹೈಮಾವತಿಯಂತೆ. ಅತ್ತೆಯ ಹೆಸರು ಹಿಡಿದು ಕೂಗುವುದು ಹೇಗೆ, ಬೈಯುವುದು ಹೇಗೆ? ಅದಕ್ಕೇ ಬದಲಾಯಿಸಿದರು. ಇವರು ಬಂದರಿನ ಕೆಲಸಕ್ಕೆ ಹೊರಟ ಮೇಲೆ ಮುಂದಿನ ಗ್ರಿಲ್ಲಿಗೆ ಬೀಗ, ಬೀಗದ ಕೈ ಅತ್ತಯ್ಯನ ಸೊಂಟದಲ್ಲಿ. ಕಳ್ಳರ ಭಯವಂತೆ. ಸಮುದ್ರ ಎರಡು ಬೀದಿಯಾಚೆ ಇದೆ, ಸದ್ದು ಕೇಳುತ್ತದೆ. ಮದುವೆಯಾಗಿ ಹದಿನಾಲ್ಕು ತಿಂಗಳಲ್ಲಿ ಎರಡು ಸಲ ನೋಡಿದ್ದೇನೆ.

ಮೊದಲನೆಯ ಉತ್ತರ ಇದರ ಜೊತೆಗಿದೆ, ತಿದ್ದಿ ಕಳಿಸಿ.

“ಪಶ್ಚಿಮಕ್ಕೆ ವಲಸೆ: 1863ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಐದು ವರ್ಷ ಅಲ್ಲೇ ವಾಸವಿದ್ದವರಿಗೆ ನೂರ ಅರವತ್ತು ಎಕರೆ ಸಿಗುತ್ತಿತ್ತು. ಮದುವೆಯಾಗದ ಹೆಂಗಸು ತನ್ನ ಹೆಸರಿನಲ್ಲೇ ಅರ್ಜಿ ಹಾಕಬಹುದಿತ್ತು. ಮದುವೆಯಾದವಳಿಗೆ ಆ ಹಕ್ಕಿರಲಿಲ್ಲ. ಗಂಡ ಗುರುತು ಹಾಕಿದ ಬಯಲಿನಲ್ಲಿ, ಹುಲ್ಲುಮಣ್ಣಿನ ಹೆಂಟೆ ಜೋಡಿಸಿ ಕಟ್ಟಿದ ಮನೆಯಲ್ಲಿ ಅವಳಿರುತ್ತಿದ್ದಳು. ಮಾತಾಡಲು ಇನ್ನೊಂದು ಹೆಣ್ಣು ಮೈಲಿಗಟ್ಟಲೆ ದೂರ. ಗಾಳಿಯ ಸದ್ದಿಗೇ ಕೆಲವರಿಗೆ ಬುದ್ಧಿ ಕೆಟ್ಟಿತು.”

ಅಮ್ಮನ ಮಂಡಿನೋವು ಹೇಗಿದೆ? ಸುಮಿ ಕಾಲೇಜಿಗೆ ಹೋಗುತ್ತಾಳೋ, ಬರೀ ಸಿನಿಮಾವೋ?

ನಿಮ್ಮ
ಹೈಮಾ


ವಿಜಯವಾಡ
20-8-1987

ಚಿ. ಸೌ. ಹೈಮಾವತಿಗೆ ಅಪ್ಪ ನರಸಿಂಹಮೂರ್ತಿಯ ಆಶೀರ್ವಾದಗಳು.

ಮನೆಯಲ್ಲಿ ಎಲ್ಲರೂ ಆರೋಗ್ಯ, ಬಿಸಿಲು ಮಾತ್ರ ಆಗಸ್ಟಾದರೂ ಬಿಟ್ಟಿಲ್ಲ. ನಿನ್ನಮ್ಮ ಕಮಲಾಕ್ಷಿ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಆಂಧ್ರವನ್ನು ಬೈಯುತ್ತಿದ್ದಾಳೆ. ಸುಮಿತ್ರಾ ಎರಡಕ್ಕೂ ಹೋಗುತ್ತಾಳೆ.

ಬೀಗರು ಅಕ್ಷರಜ್ಞಾನಿಗಳು ಎಂದು ತಿಳಿದು ಸಂತೋಷ. ಎರಡು ವರ್ಷದಿಂದ ಇಲ್ಲಿಯ ಬಸ್ಸಿನ ಬೋರ್ಡುಗಳನ್ನು ತಡಬಡಾಯಿಸದೆ ಓದುತ್ತಿರುವವನು ನಾನು. ನಾನು ಅವರದನ್ನು ಓದಿದರೆ ಅವರು ನಮ್ಮದನ್ನು ಓದಿಯಾರು ಎಂಬುದು ಮಾತ್ರ ತಲೆಗೆ ಹೊಳೆದಿರಲಿಲ್ಲ. ಬೀಗ, ಹೆಸರು ಇವೆಲ್ಲ ಒಂದೊಂದು ಮನೆಯ ಪದ್ಧತಿ. ಹೊಂದಿಕೊಂಡು ಹೋಗು.

ಇನ್ನು ಉತ್ತರ. ಕಾಯ್ದೆಗೆ ಸಹಿ ಬಿದ್ದದ್ದು 1862ರ ಮೇ ತಿಂಗಳಲ್ಲಿ. ಜಾರಿಗೆ ಬಂದದ್ದು 1863ರ ಜನವರಿ ಒಂದರಿಂದ. ಇಸವಿ ತಪ್ಪಿದರೆ ಪರೀಕ್ಷಕರು ಮುಂದೆ ಓದುವುದೇ ಇಲ್ಲ. ಗಾಳಿ, ಬುದ್ಧಿ ಕೆಡುವುದು ಇವೆಲ್ಲ ಕಾದಂಬರಿಯ ಧಾಟಿ. ರೈಲುಮಾರ್ಗದ ಪಾತ್ರವನ್ನು ಬರೆಯಬೇಕಿತ್ತು. ಹತ್ತಕ್ಕೆ ಆರೂವರೆ.

ಅಪ್ಪ


ವಿಶಾಖಪಟ್ಟಣ
28-9-1987

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು.

ಎಲ್ಲರೂ ಚೆನ್ನಾಗಿದ್ದೇವೆ. ಅಂದು ಓದಿಯೇ ಕಳಿಸಿದ್ದರೂ, ನಿಮ್ಮ ಜವಾಬು ಬಂದ ಮೇಲೆ ಬೀಗದ ವಿಷಯ ಬರೆದದ್ದು ತಪ್ಪಾಯಿತಂತೆ. “ಮನೆ ವಿಷಯ ಊರೂರಿಗೆ ಬರೀತಾರಾ? ಪಾಠ ಬರಿ ಸಾಕು” ಅಂದರು ಅತ್ತಯ್ಯ. ಇವರು ಪೆನ್ನು ತೆಗೆದು ಮೇಲಿನ ಅಟ್ಟದಲ್ಲಿಟ್ಟರು. ಒಂದು ತಿಂಗಳು ಬೇಡಿದ ಮೇಲೆ ಕೊಟ್ಟಿದ್ದಾರೆ. ಇನ್ನು ಮೇಲೆ ಬರೀ ಪಾಠ.

“ರಿಸರ್ವೇಷನ್ ವ್ಯವಸ್ಥೆ: ಮೂಲನಿವಾಸಿಗಳಿಗೆ ಒಂದಿಷ್ಟು ಜಾಗ ಗೊತ್ತುಮಾಡಿ, ನಿಮ್ಮ ಹಿತಕ್ಕೇ ಎಂದರು. ಗಡಿ ದಾಟಬೇಕಾದರೆ ಏಜೆಂಟನ ಚೀಟಿ ಬೇಕು. ತವರಿನ ಕಡೆಯವರನ್ನು ನೋಡಲೂ ಚೀಟಿ ಬೇಕು. ಏಜೆಂಟನು ಚೀಟಿ ಕೊಡದಿರುವುದಕ್ಕೆ ಕಾರಣಗಳನ್ನು ಹೇಳುತ್ತಿದ್ದನು: ಮೊದಲು ಆಷಾಢ, ಆಮೇಲೆ ಶ್ರಾವಣದ ವ್ರತ, ಆಮೇಲೆ ಯಾರಿಗೋ ರಜೆಯಿಲ್ಲ. 1879ರಲ್ಲಿ ಕಾರ್ಲೈಲ್ ಎಂಬಲ್ಲಿ ಶಾಲೆ ತೆರೆದು ಮಕ್ಕಳ ಕೂದಲು ಕತ್ತರಿಸಿ ಹೊಸ ಹೆಸರಿಟ್ಟರು. ಮನೆಯ ಮಾತಾಡಿದರೆ ಶಿಕ್ಷೆ. ಒಬ್ಬ ಹುಡುಗಿ ಸ್ನಾನದ ಮನೆಯಲ್ಲಿ ನೀರು ಬಿಟ್ಟುಕೊಂಡು, ಆ ಸದ್ದಿನಲ್ಲಿ ತನ್ನ ಭಾಷೆಯನ್ನು ತಾನೇ ಮಾತಾಡಿಕೊಳ್ಳುತ್ತಿದ್ದಳು, ಮರೆಯಬಾರದೆಂದು.”

ಬೇಗ ತಿದ್ದಿ ಕಳಿಸಿ ಅಪ್ಪ. ದಯವಿಟ್ಟು ಗಮನವಿಟ್ಟು ಓದಿ.

ಹೈಮಾ


ವಿಜಯವಾಡ
9-10-1987

ಚಿ. ಸೌ. ಹೈಮಾವತಿಗೆ ಆಶೀರ್ವಾದಗಳು.

ಮೊದಲು ಉತ್ತರ, ಆಮೇಲೆ ಸಿಹಿ ಸುದ್ದಿ. ಅಮೆರಿಕದ ಏಜೆಂಟನಿಗೆ ಆಷಾಢ ಎಲ್ಲಿಂದ ಬಂತು ಮಾರಾಯ್ತಿ! ಬರೆಯುವಾಗ ಮನಸ್ಸು ಎಲ್ಲೋ ಇರುತ್ತದೆ. ಕಾಟು ಹಾಕಿದ್ದೇನೆ. ಅವರ ಜಮೀನನ್ನು ತುಂಡು ಮಾಡಿ ಹಂಚಿದ 1887ರ ಡಾಸ್ ಕಾಯ್ದೆಯನ್ನು ಪೂರ್ತಿ ಬಿಟ್ಟಿದ್ದೀಯ. ಐದೂವರೆ.

ಸಿಹಿ ಸುದ್ದಿ ಏನೆಂದರೆ, ನಿನ್ನ ಮೈದುನ ಅಶೋಕನಿಗೆ ನಮ್ಮ ಸುಮಿತ್ರಾಳನ್ನು ಕೇಳಿದ್ದಾರೆ. ಹುಡುಗ ಅನಕಾಪಲ್ಲಿಯಲ್ಲಿ ಲೆಕ್ಚರರ್, ದಿನಾ ಮನೆಯಿಂದಲೇ ಓಡಾಟ. ಅವಳಿಗೆ ಬಂದ ಎರಡು ಸಂಬಂಧ ಮುರಿದು ಹೋದದ್ದು ನಿನಗೇ ಗೊತ್ತು. ಏಪ್ರಿಲ್ ಹೊತ್ತಿಗೆ ನನಗೆ ಕರ್ನಾಟಕಕ್ಕೆ ಟ್ರಾನ್ಸ್‌ಫರ್ ಆಗಬಹುದು. ಅದರೊಳಗೆ ಈ ಜವಾಬ್ದಾರಿ ಕಳೆದರೆ ನಿಶ್ಚಿಂತೆ. ಅಕ್ಕತಂಗಿಯರಿಬ್ಬರೂ ಒಂದೇ ಮನೆಯಲ್ಲಿ ಜೊತೆಗಿರುತ್ತೀರಿ. ಡಿಸೆಂಬರ್ ಹತ್ತಕ್ಕೆ ಲಗ್ನ ನೋಡಿದ್ದಾರೆ. ಮಾತುಕತೆಗೆ ಇದೇ ಇಪ್ಪತ್ತೈದಕ್ಕೆ ನಾನೇ ಅಲ್ಲಿಗೆ ಬರುತ್ತೇನೆ. ಅಮ್ಮ ನಿನಗೆಂದು ಮಂಗಳಗಿರಿ ಸೀರೆ ತೆಗೆದಿಟ್ಟಿದ್ದಾಳೆ.

ಅಪ್ಪ


ವಿಶಾಖಪಟ್ಟಣ
2-11-1987

ತೀರ್ಥರೂಪು ಅಪ್ಪನವರಿಗೆ.

ಚೆನ್ನಾಗಿದ್ದೇನೆ. ನೀವು ಬಂದು ಹೋದದ್ದು ಸಂತೋಷ. ಎರಡು ಗಂಟೆ ಇದ್ದಿರಿ, ಅದರಲ್ಲಿ ನನಗೆ ನಿಮ್ಮ ಎದುರು ಕೂರಲು ಸಿಕ್ಕಿದ್ದು ಕಾಫಿ ಕೊಡುವಷ್ಟು ಹೊತ್ತು. ಅತ್ತಯ್ಯನವರೂ ಪಕ್ಕದಲ್ಲೇ ಇದ್ದರು. ಸೀರೆ ಅತ್ತಯ್ಯನವರಿಗೆ ಬಹಳ ಹಿಡಿಸಿತು, ಅವರೇ ಉಟ್ಟುಕೊಂಡಿದ್ದಾರೆ.

ಕೊನೆಯ ಪಾಠದ ಉತ್ತರ ಕಳಿಸುತ್ತಿದ್ದೇನೆ. ಇದರಲ್ಲಿ ಇಸವಿ ತಪ್ಪಿಲ್ಲ, ಎರಡು ಸಲ ನೋಡಿದ್ದೇನೆ.

“ಎರಡನೆಯ ಮಹಾಯುದ್ಧ ಮತ್ತು ಅಮೆರಿಕದ ಜಪಾನೀಯರು: 1942ರ ಫೆಬ್ರವರಿ 19ರ ಆಜ್ಞೆಯ ಮೇರೆಗೆ ಜಪಾನೀ ಮೂಲದ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ಜನರನ್ನು ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಯಾರ ಮೇಲೂ ಅಪರಾಧ ಸಾಬೀತಾಗಿರಲಿಲ್ಲ. ಕೈಯಲ್ಲಿ ಹೊರುವಷ್ಟು ಸಾಮಾನು, ಸುತ್ತ ಮುಳ್ಳುತಂತಿ. ಕೆಲವು ಶಿಬಿರಗಳಲ್ಲಿ ಅಧಿಕಾರಿಗಳು ಕಾಗದಗಳನ್ನು ಓದಿಯೇ ಹೊರಗೆ ಬಿಡುತ್ತಿದ್ದರು. ಆದ್ದರಿಂದ ಎಲ್ಲ ಕಾಗದಗಳೂ ‘ಚೆನ್ನಾಗಿದ್ದೇನೆ’ ಎಂದೇ ಶುರುವಾಗುತ್ತಿದ್ದವು. ಒಂದು ಕುಟುಂಬದಲ್ಲಿ ಅಕ್ಕ ಶಿಬಿರದ ಒಳಗೆ, ತಂಗಿ ಹೊರಗೆ. ಇಬ್ಬರೂ ಜೊತೆಗಿರಲಿ ಎಂದು ತಂದೆ ತಂಗಿಯನ್ನೂ ಅಲ್ಲಿಗೇ ಕಳಿಸಲು ಹೊರಟ. ಅಕ್ಕ ತಂದೆಗೆ ಬರೆದಳು: ಅವಳನ್ನು ಕಳಿಸಬೇಡಿ. ಇಲ್ಲಿ ಜೊತೆ ಎಂಬುದಿಲ್ಲ, ಒಂದು ಬೀಗ ಇಬ್ಬರಿಗೆ ಆಗುತ್ತದೆ, ಅಷ್ಟೆ. ಹೊರಗಿರುವವಳಾದರೂ ಹೊರಗಿರಲಿ.”

ಅಂಕ ಎಷ್ಟಾದರೂ ಕೊಡಿ. ಉತ್ತರ ಮಾತ್ರ ಕೂಡಲೇ ಬರೆಯಿರಿ.

ಹೈಮಾ


(ಬರೆದು ಅಂಚೆಗೆ ಹಾಕದ ಕಾಗದ)

ವಿಜಯವಾಡ
11-11-1987

ಮಗಳೇ ಹೈಮಾ,

ಇದನ್ನು ನಿನ್ನ ಅತ್ತೆ ಓದುತ್ತಾರೆ, ಆದ್ದರಿಂದ ಇದನ್ನು ಕಳಿಸುವ ಹಾಗಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅದು ನೆಪ. ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನಕ್ಕೆ ನಾನು ನಿನ್ನ ಬಾಗಿಲಲ್ಲಿರಬಹುದು.

ನನಗೆ ಅರ್ಥವಾಗಿದೆ. ಆಷಾಢ ಎಂದು ಬರೆದಿದ್ದೆಯಲ್ಲ, ಅಂದೇ ಅರ್ಥವಾಯಿತು. ಕೈಯಲ್ಲಿ ಕೆಂಪು ಪೆನ್ನಿತ್ತು, ಕಾಟು ಹಾಕಿಬಿಟ್ಟೆ. ವಿಶಾಖಪಟ್ಟಣಕ್ಕೆ ಬಂದಾಗ ನೀನು ಕಾಫಿ ಲೋಟ ಕೊಟ್ಟು, ಅದನ್ನು ಬಿಡದೆ ಹಿಡಿದೇ ಇದ್ದೆ. ನಾನು ಮೆಲ್ಲಗೆ ಎಳೆದುಕೊಂಡೆ. “ಬಿಸಿ ಇದೆ, ಹುಷಾರು” ಅಂದೆ. ಥೂ, ನಾನೂ ಒಬ್ಬ ಅಪ್ಪ!

ಈ ಸಂಬಂಧ ತಂದವನು ನಾನು. ನಿನ್ನಮ್ಮ ಬೇಡವೆಂದಿದ್ದಳು. “ದೂರ ಆಯ್ತು, ನಮ್ಮ ಮಾತಾಡೋರು ಒಬ್ಬರೂ ಇಲ್ಲ ಕಣ್ರೀ” ಅಂದಿದ್ದಳು. ನಿನಗೇನು ಗೊತ್ತು ಎಂದು ಅವಳ ಬಾಯಿ ಮುಚ್ಚಿಸಿದ್ದೆ. ಈಗ ನಿನ್ನನ್ನು ಕರೆತಂದರೆ ಅವಳ ಮುಂದೆ ಏನೆಂದು ನಿಲ್ಲಲಿ? ಸುಮಿತ್ರಾಳಿಗೆ ಮೂರನೆಯ ಸಂಬಂಧವೂ ಮುರಿದರೆ ನಾಲ್ಕನೆಯದು ಬರುತ್ತದೆಯೇ? ಅಶೋಕ ಒಳ್ಳೆಯ ಹುಡುಗನಿರಬಹುದು. ಇಬ್ಬರಿದ್ದರೆ ಅವರೂ ಸ್ವಲ್ಪ ಹೆದರಿಯಾರು. ಹೀಗೆಲ್ಲ ಯೋಚಿಸುತ್ತೇನೆ, ಯೋಚಿಸಿದ್ದು ನನಗೇ ನಾಚಿಕೆ ತರುತ್ತದೆ.

ನಿನ್ನ ಉತ್ತರಗಳನ್ನು ಬ್ಯಾಂಕಿನಲ್ಲೇ ತಿದ್ದುತ್ತೇನೆ. ಕಮಲಾಕ್ಷಿಗೆ ಒಂದನ್ನೂ ತೋರಿಸಿಲ್ಲ. ತೋರಿಸಿದ್ದರೆ ಮಂಡಿನೋವಿನಲ್ಲೇ ಅವಳು ಅಂದೇ ರೈಲು ಹತ್ತುತ್ತಿದ್ದಳು.

ನಾಳೆ ಇನ್ನೊಂದು ಕಾಗದ ಬರೆಯುತ್ತೇನೆ.

ಅಪ್ಪ


ವಿಜಯವಾಡ
12-11-1987

ಚಿ. ಸೌ. ಹೈಮಾವತಿಗೆ ಆಶೀರ್ವಾದಗಳು.

ಇಸವಿ, ತಾರೀಖು, ಸಂಖ್ಯೆ ಎಲ್ಲ ಸರಿಯಾಗಿವೆ; ಶಾಭಾಸ್. ಕೊನೆಯ ಭಾಗ ಮಾತ್ರ ದುರ್ಬಲ. ಅಕ್ಕತಂಗಿಯರ ಪ್ರಸಂಗ ನಾನು ಓದಿದ ಯಾವ ಗ್ರಂಥದಲ್ಲೂ ಇಲ್ಲ. ಈ ಮಾತಿಗೆ ಆಧಾರವೇನು? ಇತಿಹಾಸದಲ್ಲಿ ಆಧಾರವಿಲ್ಲದೆ ಒಂದು ವಾಕ್ಯವನ್ನೂ ಬರೆಯಬಾರದು. ಹತ್ತಕ್ಕೆ ಏಳು. ಆ ಭಾಗ ತೆಗೆದರೆ ಎಂಟು.

ಮದುವೆಯ ಸಿದ್ಧತೆ ನಡೆಯುತ್ತಿದೆ. ಈ ಕವರನ್ನು ಸುಮಿತ್ರಾಳ ಕೈಯಲ್ಲಿ ಅಂಚೆಗೆ ಕಳಿಸುತ್ತಿದ್ದೇನೆ, ನನಗೆ ಬ್ಯಾಂಕಿಗೆ ಹೊತ್ತಾಯಿತು.

ಅಪ್ಪ


ವಿಜಯವಾಡ
16-11-1987

ಪ್ರೀತಿಯ ಅಕ್ಕಾ,

ಅಪ್ಪ ತಿದ್ದಿದ ಉತ್ತರ ತಡವಾಗಿ ಬಂದರೆ ಅವರನ್ನು ಬೈಯಬೇಡ, ತಡ ಮಾಡಿದವಳು ನಾನು. ಅಂಚೆಗೆ ಹಾಕು ಅಂತ ಕೊಟ್ಟರು. ಅಕ್ಕ ಅದೇನು ಅಷ್ಟೊಂದು ಓದುತ್ತಾಳಪ್ಪಾ ಅಂತ ಕಾಲುವೆ ಕಟ್ಟೆ ಮೇಲೆ ಕೂತು ಕವರು ಬಿಚ್ಚಿದೆ. ಮೂರು ಸಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಅಮ್ಮ ಟ್ರಂಕು ಕೆಳಗಿಳಿಸು ಅಂದಳು.

ಉತ್ತರ ಬಹಳ ಚೆನ್ನಾಗಿದೆ ಅಕ್ಕ. ಅಪ್ಪನಿಗೆ ಆಧಾರ ಬೇಕಂತೆ, ನೋಡು ಅವರ ಹಟ! ಇರಲಿ.

ಈಗ ಅತ್ತಯ್ಯನವರಿಗೆ ಅಮ್ಮ ಹೇಳಿಸಿದ ಮಾತು: ನಮ್ಮಲ್ಲಿ ತಂಗಿಯ ಮದುವೆಗೆ ಅರಿಶಿನ ಕುಟ್ಟುವಾಗ ಮೊದಲು ಒನಕೆ ಹಿಡಿಯುವವಳು ಮದುವೆಯಾದ ಅಕ್ಕ. ಅವಳು ಹಿಡಿಯದ ಹೊರತು ಯಾವ ಮುತ್ತೈದೆಯೂ ಕೈ ಹಾಕುವ ಹಾಗಿಲ್ಲ. ತಮ್ಮಲ್ಲೂ ಅರಿಶಿನ ಕುಟ್ಟುವುದು ಉಂಟಲ್ಲವೇ, ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಡಿನ ಮನೆಯ ಶ್ರೇಯಸ್ಸಿಗೂ ಅದು ಬೇಕು. ಇದೇ ಇಪ್ಪತ್ತೆರಡನೇ ತಾರೀಖು ಅಮ್ಮ ಮತ್ತು ನಾನು ಬಂದು ಅಕ್ಕನನ್ನು ಕರೆದುಕೊಂಡು ಹೋಗುತ್ತೇವೆ. ನಾಲ್ಕು ದಿನ ಕಳಿಸಿ ಕೊಡಬೇಕು.

ಅಕ್ಕಾ, ನಿನ್ನ ಪುಸ್ತಕಗಳನ್ನೆಲ್ಲ ತಾ. ಪಾಠ ಕೇಳಬೇಕು ನನಗೆ.

ನಿನ್ನ
ಸುಮಿತ್ರಾ


ವಿಜಯವಾಡ
17-1-1988

ಅಪ್ಪ,

ನಾನು ಒಳಗಿನ ಕೋಣೆಯಲ್ಲಿದ್ದೇನೆ, ನೀವು ವರಾಂಡದಲ್ಲಿ ಪೇಪರು ಓದುತ್ತಿದ್ದೀರಿ. ನಡುವೆ ಒಂದು ಗೋಡೆ ಇದೆ. ಇದನ್ನು ಬಾಯಿಬಿಟ್ಟು ಹೇಳಿದರೆ ಅಮ್ಮನಿಗೆ ಕೇಳಿಸುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಅಮ್ಮ ಮತ್ತು ಸುಮಿ ಬಂದ ದಿನ ಅತ್ತಯ್ಯ ಒಂದು ಗಂಟೆ ಆಡಿಸಿದರು. ಗಂಡಿನ ಕಡೆಯ ಸೊಸೆ ಹೆಣ್ಣಿನ ಮನೆಯಲ್ಲಿ ಒನಕೆ ಹಿಡಿಯುವುದು ಎಂಥ ಪದ್ಧತಿ ಎಂದರು. ಅಮ್ಮ ಹಜಾರದಲ್ಲಿ ಕಾಲು ಚಾಚಿ ಕೂತುಬಿಟ್ಟಳು. “ಪದ್ಧತಿ ತಪ್ಪಿದರೆ ಮದುವೆಯೇ ಬೇಡ ಬಿಡಿ ವದಿನಗಾರೂ, ನನಗೆ ಮಂಡಿನೋವು, ಏಳೋಕಾಗಲ್ಲ, ನಾಲ್ಕು ದಿನ ಇಲ್ಲೇ ಇರ್ತೀನಿ” ಅಂದಳು. ಅಕ್ಕಪಕ್ಕದವರು ಗ್ರಿಲ್ಲಿನ ಹತ್ತಿರ ಬಂದು ನಿಂತರು. ಬೀಗ ತೆಗೆದರು.

ಮನೆಗೆ ಬಂದ ಬೆಳಿಗ್ಗೆ ಸುಮಿ ನಿಮ್ಮೆದುರು ನಿಂತು ಮದುವೆ ಇಲ್ಲ ಎಂದಳು. ನನ್ನ ಉತ್ತರ ಓದಿ ಹೇಳಿದಳು. ನೀವು ಹಣೆ ಹಣೆ ಚಚ್ಚಿಕೊಂಡಿರಿ. “ಅಯ್ಯೋ, ನನಗೆ ಹೊಳೆಯಲೇ ಇಲ್ಲವಲ್ಲೇ! ಬರೀ ಇಸವಿ ನೋಡಿದೆನಲ್ಲೇ!” ಎಂದು ಅತ್ತಿರಿ. ಅಮ್ಮ ನಿಮ್ಮ ಬೆನ್ನು ಸವರಿದಳು. ನಾನೂ ನಿಮ್ಮ ಪಕ್ಕದಲ್ಲಿ ಕೂತು ಅತ್ತೆ. ವಿಶಾಖಪಟ್ಟಣದಿಂದ ಇವರು ಎರಡು ಸಲ ಬಂದು ಬೀದಿಯಲ್ಲಿ ನಿಂತು ಕೂಗಾಡಿದಾಗ ಬಾಗಿಲಿಗೆ ಅಡ್ಡ ನಿಂತವರು ನೀವು. ಅದನ್ನು ನಾನು ಇಲ್ಲವೆನ್ನುವುದಿಲ್ಲ. ಎರಡು ತಿಂಗಳಿಂದ ಈ ಮನೆಯಲ್ಲಿ ನಿಮ್ಮ ದಡ್ಡತನವೇ ಒಂದು ತಮಾಷೆಯಾಗಿದೆ. ಹಾಲುಕ್ಕಿದರೂ ಸುಮಿ “ಆಧಾರ ಕೊಡಿ” ಅನ್ನುತ್ತಾಳೆ, ನೀವು ನಗುತ್ತೀರಿ.

ನಿನ್ನೆ ಡಾಸ್ ಕಾಯ್ದೆ ನೋಡಲೆಂದು ನಿಮ್ಮ ದಪ್ಪ ಪುಸ್ತಕ ತೆಗೆದೆ. ಅದರೊಳಗಿತ್ತು, ನವೆಂಬರ್ ಹನ್ನೊಂದನೇ ತಾರೀಖಿನ ಕಾಗದ. ಹರಿದು ಹಾಕಬಹುದಿತ್ತು. ಯಾಕೆ ಇಟ್ಟುಕೊಂಡಿರಿ?

ಆ ಶಿಬಿರದ ಉತ್ತರವನ್ನು ಅತ್ತಯ್ಯ ನನ್ನೆದುರೇ ಓದಿದರು. ಓದಿ ಮುಗಿಸಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಪಾಪಂ, ಎಂಥಾ ಕಷ್ಟ ಪಟ್ಟಾರಮ್ಮಾ ಆ ಜಪಾನಿನವರು” ಅಂದರು. ಬಾಗಿಲಿಗೆ ಬೀಗ ಹಾಕಿದವರು ಆ ಉತ್ತರಕ್ಕೆ ಅತ್ತರು, ಅದು ಯಾರ ಕಥೆ ಎಂದು ಅವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಹತ್ತಕ್ಕೆ ಏಳು ಕೊಟ್ಟಿರಿ, ಮಾರನೆಯ ದಿನವೇ.

ಆ ಮನೆಯಲ್ಲಿದ್ದಾಗ ಅಪ್ಪನಿಗೆ ಅರ್ಥವಾಗಲಿಲ್ಲವಲ್ಲ ಎಂದು ದಿನಾ ಅಳುತ್ತಿದ್ದೆ. ಅರ್ಥವಾದ ದಿನ ಓಡಿಬರುತ್ತಾರೆ ಎಂದು ಇನ್ನೊಂದು ಉತ್ತರ ಬರೆಯುತ್ತಿದ್ದೆ. ಈಗ ನಿಮ್ಮ ಕಾಗದ ಓದಿದರೆ ಅಳುವೂ ಬರುವುದಿಲ್ಲ. ಸುಮಿ ಆ ಕವರು ಬಿಚ್ಚದೆ ಅಂಚೆಗೆ ಹಾಕಿದ್ದರೆ ಇಷ್ಟು ಹೊತ್ತಿಗೆ ಅವಳೂ ಅಲ್ಲೇ ಇರುತ್ತಿದ್ದಳು. ನೀವು ಮದುವೆ ಊಟ ಹಾಕಿಸಿ, ಟ್ರಾನ್ಸ್‌ಫರ್ ಆರ್ಡರಿಗೆ ಕಾಯುತ್ತಿದ್ದಿರಿ. ಇದನ್ನು ನೆನೆದರೆ ನಿಮ್ಮ ಮೇಲೆ ನನಗೆ ಸಿಟ್ಟಲ್ಲ, ಹೆದರಿಕೆಯಾಗುತ್ತದೆ.

ಎಲ್ಲಿಗಾದರೂ ಎದ್ದು ಹೋಗೋಣ ಎಂದರೆ ನನಗಿರುವುದು ಇದೊಂದೇ ಮನೆ. ಮೇ ತಿಂಗಳಲ್ಲಿ ಪರೀಕ್ಷೆ. ಅಲ್ಲಿಯ ತನಕ ನಿಮ್ಮ ನೋಟ್ಸನ್ನೇ ಓದಬೇಕು, ನಿಮ್ಮ ಎದುರೇ ಊಟಕ್ಕೆ ಕೂರಬೇಕು. ಅಮ್ಮ ದಿನವೂ ಹೇಳುತ್ತಾಳೆ, “ನಿಮ್ಮಪ್ಪಂಗೆ ಲೋಕಜ್ಞಾನ ಇಲ್ಲ ಕಣೆ, ಗೊತ್ತಾಗಿದ್ರೆ ಸುಮ್ನೆ ಇರ್ತಿದ್ರಾ?” ಎಂದು. ನಾನು ಹೌದಮ್ಮ ಎನ್ನುತ್ತೇನೆ. ಇವತ್ತು ಬೆಳಿಗ್ಗೆಯೂ ಹೌದು ಎಂದೆ. ಆಗ ನೀವು ತಟ್ಟೆಯಿಂದ ತಲೆಯೆತ್ತಲಿಲ್ಲ.

ಅವಳಿಗೆ ನೀವೇ ಹೇಳಬೇಕು. ನಿಮ್ಮ ಕಾಗದವನ್ನು ಇದರ ಜೊತೆಗೇ ಮಡಚಿ ನಿಮ್ಮ ಕೋಟಿನ ಜೇಬಿನಲ್ಲಿ ಇಡುತ್ತೇನೆ, ನಾನು ಪ್ರತಿ ಮಾಡಿಟ್ಟುಕೊಂಡಿಲ್ಲ. ಹರಿದರೆ ಹರಿಯಿರಿ. ನೀವು ಹೇಳದಿದ್ದರೆ ನಾನೂ ಹೇಳುವುದಿಲ್ಲ. ಅಮ್ಮ ಹೀಗೆಯೇ ನಿಮ್ಮ ಪರವಾಗಿ ದಿನಾ ಮಾತಾಡುತ್ತಾಳೆ, ನಾನು ಹೌದು ಹೌದು ಎನ್ನುತ್ತೇನೆ, ನೀವು ಕೂತು ಕೇಳಿಸಿಕೊಳ್ಳಿ.

ಹೈಮಾವತಿ